ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯದ ಚಿಕಿತ್ಸೆ

ಜಿಲ್ಲಾಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗದಲ್ಲಿ ಪದೇ ಪದೇ ಕೇಳಿಬರುವ ಸುಳ್ಳೊಂದಿದೆ. 'ಕೆಮ್ಮಿನ ಔಷಧಿ ಅಂದ್ಕೊಂಡು ಕುಡಿದುಬಿಟ್ಟಳು ಸಾರ್, ಕತ್ತಲಲ್ಲಿ ಗೊತ್ತಾಗ್ಲಿಲ್ಲ.' ಸುಟ್ಟಗಾಯದ ವಾರ್ಡಿನಲ್ಲಿ ಅದೇ ಸುಳ್ಳು ಬೇರೆ ವೇಷದಲ್ಲಿ ಬರುತ್ತದೆ: 'ಸ್ಟೋವ್ ಸಿಡೀತು.' ಹೇಳುವವರಿಗೂ ನಿಜ ಗೊತ್ತು, ಕೇಳಿಸಿಕೊಳ್ಳುವ ಡ್ಯೂಟಿ ಡಾಕ್ಟರಿಗೂ ಗೊತ್ತು. ಪೊಲೀಸ್ ಕೇಸಿನ ಭಯ, ಮದುವೆಗೆ ಬಂದ ತಂಗಿಯ ಚಿಂತೆ, ಊರವರ ಬಾಯಿ ಎಲ್ಲವೂ ಸೇರಿ ಕೇಸ್ ಶೀಟಿನಲ್ಲಿ 'ಆಕಸ್ಮಿಕ' ಎಂಬ ಪದ ಕೂರುತ್ತದೆ. ಪಾಪದ ಸುಳ್ಳು, ಯಾರಿಗೇನು ನಷ್ಟ ಎನಿಸಬಹುದು. ಆದರೆ ಆಕಸ್ಮಿಕ ಎಂದು ಬರೆದ ಮೇಲೆ ಮನೋವೈದ್ಯರನ್ನು ಕರೆಸಲು ಕಾರಣವೇ ಉಳಿಯುವುದಿಲ್ಲ. ನಂಜು ಇಳಿಯುತ್ತದೆ, ಡ್ರಿಪ್ ತೆಗೆಯುತ್ತಾರೆ, ಬಿಲ್ಲು ಕಟ್ಟಿಸಿಕೊಂಡು ಮನೆಗೆ ಕಳಿಸುತ್ತಾರೆ. ಯಾವ ಮನೆಯಿಂದ ಬಂದಳೋ ಅದೇ ಮನೆಗೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 7.27 ಲಕ್ಷ ಮಂದಿ ಆತ್ಮಹತ್ಯೆಯಿಂದ ಸತ್ತರು. ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಸಾವು ಸಂಭವಿಸಿದ್ದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಭಾರತದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ದಾಖಲಿಸಿದ ಸಂಖ್ಯೆ 1,70,924. ಅದರಲ್ಲಿ ಕರ್ನಾಟಕದ ಪಾಲು 13,606. ಇವೆಲ್ಲ ಸತ್ತವರ ಲೆಕ್ಕ. ಬದುಕಿ ಉಳಿದು ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ಎಣಿಸಿ ಹಿಂಬಾಲಿಸುವ ವ್ಯವಸ್ಥೆ ರಾಷ್ಟ್ರಮಟ್ಟದಲ್ಲಿ ಇಲ್ಲ. ಒಂದು ಸಾವಿಗೆ ಇಪ್ಪತ್ತು ಯತ್ನಗಳು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಒರಟು ಅಂದಾಜನ್ನೇ ಕರ್ನಾಟಕಕ್ಕೆ ಅನ್ವಯಿಸಿದರೆ ಸಂಖ್ಯೆ ವರ್ಷಕ್ಕೆ ಎರಡೂವರೆ ಲಕ್ಷ ದಾಟುತ್ತದೆ. ಅವರೆಲ್ಲ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ, ನಿಜ. ಹತ್ತಿದವರಿಗೆ ಏನು ಸಿಗುತ್ತಿದೆ ಎಂಬುದು ಇಲ್ಲಿನ ಪ್ರಶ್ನೆ.

ಹಿಂದೊಮ್ಮೆ ಯತ್ನಿಸಿರುವುದು ಮುಂದಿನ ಅಪಾಯದ ಅತಿ ದೊಡ್ಡ ಸೂಚನೆ ಎಂಬುದು ಹಲವು ದೇಶಗಳ ಅಧ್ಯಯನಗಳು ಒಪ್ಪುವ ಮಾತು. ಆಸ್ಪತ್ರೆಯಿಂದ ಹೊರಬಿದ್ದ ಮೊದಲ ಕೆಲವು ವಾರ, ತಿಂಗಳುಗಳೇ ಹೆಚ್ಚು ನಾಜೂಕಿನವು. ಇದರ ಇನ್ನೊಂದು ಮಗ್ಗುಲನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ಒಮ್ಮೆ ಬದುಕಿ ಉಳಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಸಂಕಟದ ತುದಿ ತಲುಪಿದ ಬಹುತೇಕರು ಅಲ್ಲಿಂದ ಇಳಿದು ಬಂದು ಸಂಸಾರ, ಕೆಲಸ, ಬದುಕು ಅಂತ ಮುಂದುವರಿಯುತ್ತಾರೆ. ಅವರನ್ನು ಆ ನಾಜೂಕಿನ ದಿನಗಳು ದಾಟಿಸುವುದು ಯಾರ ಕೆಲಸ? ಫಿಜಿಷಿಯನ್ ತಮ್ಮದಲ್ಲ ಎನ್ನುತ್ತಾರೆ, ಶಸ್ತ್ರವೈದ್ಯರು ತಮ್ಮದಲ್ಲ ಎನ್ನುತ್ತಾರೆ, ಮನೋವೈದ್ಯರಿಗೆ ಸುದ್ದಿಯೇ ಮುಟ್ಟಿರುವುದಿಲ್ಲ.

ಇದು ಒಬ್ಬರಿಂದ ಆಗುವ ಕೆಲಸವೂ ಅಲ್ಲ. ಕೀಟನಾಶಕ ಸೇವಿಸಿ ಬಂದವರ ಚಿಕಿತ್ಸೆಯನ್ನೇ ನೋಡಿ. ಆರ್ಗ್ಯಾನೊಫಾಸ್ಫೇಟ್ ಗುಂಪಿನ ವಿಷ ನರ ಮತ್ತು ಸ್ನಾಯುಗಳ ನಡುವಿನ ಸಂದೇಶ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಅಟ್ರೋಪಿನ್ ಕೊಟ್ಟು ಮೊದಲ ಗಂಡಾಂತರ ದಾಟಿಸಿದರೂ, ರೋಗಿ ಎದ್ದು ಕೂತು ಮಾತಾಡಿದರೂ, ಒಂದರಿಂದ ನಾಲ್ಕು ದಿನದೊಳಗೆ ಕತ್ತಿನ ಮತ್ತು ಉಸಿರಾಟದ ಸ್ನಾಯುಗಳು ಸೋಲಬಹುದು. ಈ 'ನಡುಹಂತದ' ಸ್ಥಿತಿಯನ್ನು 1987ರಲ್ಲಿ ವೈದ್ಯಲೋಕಕ್ಕೆ ತಿಳಿಸಿಕೊಟ್ಟವರು ಶ್ರೀಲಂಕಾದ ನಿಮಲ್ ಸೇನಾನಾಯಕೆ ಮತ್ತು ಲಕ್ಷ್ಮಣ್ ಕರಳ್ಳಿಯದ್ದೆ. ದಿಂಬಿನಿಂದ ತಲೆ ಎತ್ತಲು ರೋಗಿಗೆ ಆಗುತ್ತಿದೆಯೇ ಎಂದು ಆಗಾಗ ನೋಡುತ್ತಿರಬೇಕು. ನೋಡಬೇಕಾದವರು ರಾತ್ರಿ ಪಾಳಿಯ ನರ್ಸ್. ಸೋತ ಗಳಿಗೆಯಲ್ಲಿ ಕೊಳವೆ ಹಾಕಿ ವೆಂಟಿಲೇಟರ್‌ಗೆ ಜೋಡಿಸಲು ಅರಿವಳಿಕೆ ತಜ್ಞರು ಬೇಕು. ಕಫ ತೆಗೆಸಿ, ಮತ್ತೆ ನಡೆಸಲು ಫಿಸಿಯೊಥೆರಪಿಸ್ಟ್ ಬೇಕು.

ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹಾಸಿಗೆ ಪಕ್ಕದ ಈ ನಿಗಾ ಎಷ್ಟು ಮುಖ್ಯ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ. ಔಷಧಿ ಅದೇ ಹಳೆಯ, ಅಗ್ಗದ ಅಟ್ರೋಪಿನ್. ಒಂದು ಗುಂಪಿಗೆ ರೂಢಿಯಂತೆ ಬಿಟ್ಟುಬಿಟ್ಟು ಕೊಟ್ಟರು. ಇನ್ನೊಂದಕ್ಕೆ ರೋಗಿಯ ಪಕ್ಕದಲ್ಲೇ ಇದ್ದು, ಲಕ್ಷಣ ನೋಡಿ ನೋಡಿ ಪ್ರಮಾಣ ಹೊಂದಿಸುತ್ತ ಕೊಟ್ಟರು. ಮೊದಲ ಗುಂಪಿನಲ್ಲಿ ಶೇ 22.5ರಷ್ಟು ಮಂದಿ ಸತ್ತರೆ ಎರಡನೆಯದರಲ್ಲಿ ಶೇ 8. ಹೊಸ ಯಂತ್ರ ಬಂದಿರಲಿಲ್ಲ, ದುಬಾರಿ ಇಂಜೆಕ್ಷನ್ ಬಂದಿರಲಿಲ್ಲ. ಹಾಸಿಗೆಯ ಬಳಿ ಗಮನವಿಟ್ಟು ನಿಂತವರು ಇದ್ದರು.

ಸುಟ್ಟಗಾಯದ ಕಥೆ ಇನ್ನೂ ಉದ್ದ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯಗಳ ಕೇಂದ್ರದಂಥ ಕಡೆ ಜೀವ ಉಳಿಸಿದ ನಂತರವೂ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ. ಚರ್ಮ ಕಸಿ, ಸೋಂಕಿನ ಮೇಲೆ ಕಣ್ಣು, ಹೆಚ್ಚು ಪ್ರೋಟೀನಿನ ಊಟ, ಕತ್ತು ಎದೆಗೆ ಅಂಟಿಕೊಳ್ಳದಂತೆ, ಬೆರಳು ಮಡಚಿಕೊಳ್ಳದಂತೆ ಸ್ಪ್ಲಿಂಟು ಮತ್ತು ವ್ಯಾಯಾಮ. ಪ್ಲಾಸ್ಟಿಕ್ ಸರ್ಜನ್, ಆಹಾರ ತಜ್ಞೆ, ಫಿಸಿಯೊಥೆರಪಿಸ್ಟ್ ಇಷ್ಟೂ ಮಂದಿ ದುಡಿದರೂ ಕನ್ನಡಿಯ ಮುಂದೆ ನಿಲ್ಲುವ ದಿನಕ್ಕೆ ಮನಸ್ಸನ್ನು ಸಿದ್ಧಗೊಳಿಸುವವರು ಬೇರೆಯೇ ಬೇಕು. ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ. 'ಸ್ಟೋವ್ ಸಿಡೀತು' ಎಂದ ಹೆಣ್ಣುಮಗಳ ಪಕ್ಕದಲ್ಲಿ ಅತ್ತೆಯೋ ಗಂಡನೋ ಕೂತಿರುವಾಗ ಅವಳು ನಿಜ ಹೇಳುವುದು ಹೇಗೆ? ಅವರನ್ನು ಹೊರಗೆ ಕಳಿಸಿ ಒಂದು ಗಳಿಗೆ ಒಬ್ಬಳೇ ಮಾತಾಡಲು ಬಿಡುವ ವೈದ್ಯಕೀಯ ಸಮಾಜ ಕಾರ್ಯಕರ್ತೆ, ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ 'ಸಖಿ' ಕೇಂದ್ರದ ವಕೀಲೆ ಕೂಡ ಚಿಕಿತ್ಸಾ ತಂಡದವರೇ. ಅವರ ಕೆಲಸವನ್ನು ವೈದ್ಯಕೀಯವಲ್ಲ ಎಂದು ಪಕ್ಕಕ್ಕೆ ಸರಿಸುವುದು, ಗಾಯ ಹೊಲಿದು ಗಾಯಮಾಡಿದ್ದನ್ನು ಹಾಗೇ ಬಿಟ್ಟಂತೆ. ಗಂಟಲಿಗೆ ಪೆಟ್ಟಾಗಿ ಬಂದವರಲ್ಲೂ ಅಷ್ಟೆ: ಕಿವಿ-ಮೂಗು-ಗಂಟಲು ತಜ್ಞರು ಉಸಿರಿನ ದಾರಿ ಕಾಪಾಡುತ್ತಾರೆ, ಆದರೆ ಕೊಳವೆಯಿಂದಾಗಿ ದನಿ ಬಾರದ ದಿನಗಳಲ್ಲಿ ರೋಗಿಯ ಮಾತು ಕೇಳಲು ಪಾಟಿ-ಬಳಪವೋ ಹಾಳೆ-ಪೆನ್ನೋ ಹಿಡಿದು ಕೂರುವ ತಾಳ್ಮೆ ಯಾರಿಗಾದರೂ ಇರಬೇಕು.

ತಾಳ್ಮೆಯ ಬದಲು ಅಸಹನೆ ಸಿಗುವುದೇ ಹೆಚ್ಚು. 'ಸಾಯೋಕೆ ಹೊರಟವರಿಗೆ ಬೆಡ್ ಬೇರೆ ಕೇಡು' ಎಂಬ ಗೊಣಗಾಟ ಎಷ್ಟೋ ವಾರ್ಡುಗಳಲ್ಲಿ ಕೇಳಿಸುತ್ತದೆ. ಇಬ್ಬರು ನರ್ಸ್‌ಗಳ ಮೇಲೆ ಐವತ್ತು ಹಾಸಿಗೆ ಬಿದ್ದಾಗ ಬರುವ ಮಾತು ಅದು. ಬರೀ ಕೆಟ್ಟತನ ಎಂದು ತಳ್ಳಿಹಾಕಲಾಗದು. ಆದರೂ ಅದರ ಫಲ ರೋಗಿಯ ಮೈಮೇಲೆ ಬೀಳುತ್ತದೆ. ಶ್ರೀಲಂಕಾದಲ್ಲಿ ಬಹುಕಾಲ ದುಡಿದ ಎಡಿನ್‌ಬರೋದ ವಿಷವೈದ್ಯ ಮೈಕೆಲ್ ಎಡಲ್‌ಸ್ಟನ್ ಮತ್ತು ಸಂಗಡಿಗರು, ಒಪ್ಪದ ರೋಗಿಗಳನ್ನು ಹಿಡಿದು ಹೊಟ್ಟೆ ತೊಳೆಯುವುದರಿಂದ ಆಗುವ ಅನಾಹುತಗಳನ್ನು 2007ರಲ್ಲೇ ದಾಖಲಿಸಿದ್ದರು. ನೀರು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಕುತ್ತು ಬರುತ್ತದೆ. ಹಳ್ಳಿಗಳಲ್ಲಿ ಆಸ್ಪತ್ರೆಗೆ ಹೊರಡುವ ಮುಂಚೆ ಉಪ್ಪುನೀರು, ಸೋಪಿನ ನೀರು, ಸಗಣಿ ನೀರು ಕುಡಿಸಿ ವಾಂತಿ ಮಾಡಿಸುವ ರೂಢಿಯೂ ಇದೇ ಅಪಾಯ ತರುತ್ತದೆ. ಏನನ್ನೂ ಕುಡಿಸದೆ, 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೋ ಅದರ ಲೇಬಲನ್ನೋ ಜೊತೆಗೆ ಒಯ್ಯುವುದೊಂದೇ ಮನೆಯವರು ಮಾಡಬಹುದಾದ ಒಳ್ಳೆಯ ಪ್ರಥಮ ಚಿಕಿತ್ಸೆ.

ಶ್ರೀಲಂಕಾದ ಹೆಸರು ಇಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಕಾರಣವಿದೆ. 1995ರಲ್ಲಿ ಆ ದ್ವೀಪದಲ್ಲಿ ಲಕ್ಷಕ್ಕೆ 47 ಮಂದಿ ಆತ್ಮಹತ್ಯೆಯಿಂದ ಸಾಯುತ್ತಿದ್ದರು; ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಒಂದು. ಎರಡು ದಶಕಗಳಲ್ಲಿ ಅದು ಸುಮಾರು ಶೇ 70ರಷ್ಟು ಇಳಿಯಿತು. ಬಡತನ ಹೋಗಲಿಲ್ಲ, ಯುದ್ಧ 2009ರವರೆಗೂ ನಿಲ್ಲಲಿಲ್ಲ, ಮನೋವೈದ್ಯರ ದಂಡೇನೂ ಬಂದಿಳಿಯಲಿಲ್ಲ. ಅತಿ ವಿಷಕಾರಿ ವರ್ಗದ ಕೀಟನಾಶಕಗಳನ್ನು ಸರ್ಕಾರ ಒಂದೊಂದಾಗಿ ಮಾರುಕಟ್ಟೆಯಿಂದ ತೆಗೆಯಿತು. 1996ರಿಂದ 2005ರ ನಡುವೆ ಹೀಗೆ ಉಳಿದ ಜೀವಗಳು ಇಪ್ಪತ್ತು ಸಾವಿರದ ಹತ್ತಿರ ಎಂದು ಸಂಶೋಧಕರು ಅಂದಾಜಿಸಿದ್ದಾರೆ. ಭತ್ತದ ಇಳುವರಿ ಇದರಿಂದ ಕುಸಿಯಲಿಲ್ಲ ಎಂಬುದನ್ನು ಇಲ್ಲಿನ ಕೃಷಿ ಇಲಾಖೆಯವರು ಕಿವಿಗೆ ಹಾಕಿಕೊಳ್ಳಬೇಕು. 1998ರಲ್ಲಿ ಆತ್ಮಹತ್ಯಾ ಯತ್ನವನ್ನು ಅಪರಾಧದ ಪಟ್ಟಿಯಿಂದಲೂ ಕೈಬಿಟ್ಟರು.

ಅನುರಾಧಪುರ, ಪೊಲೊನ್ನರುವದಂಥ ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲೇ ದೊಡ್ಡ ಪ್ರಯೋಗಗಳೂ ನಡೆದವು. ವಿಷ ಹೀರಲೆಂದು ಎಲ್ಲ ಕಡೆ ಕಣ್ಣುಮುಚ್ಚಿ ಕೊಡುತ್ತಿದ್ದ ಇದ್ದಿಲಿನ ಪುಡಿಯಿಂದ ಸಾವು ಕಡಿಮೆಯಾಗುತ್ತದೆಯೇ ಎಂದು 4,600ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ, ಇಲ್ಲವೆಂದು 2008ರಲ್ಲಿ ಪ್ರಕಟಿಸಿದರು. ಕೀಟನಾಶಕ ಇಡಲು ಬೀಗದ ಪೆಟ್ಟಿಗೆ ಹಂಚಿದರೆ ಹೇಗೆ ಎಂದು 180 ಹಳ್ಳಿಗಳಲ್ಲಿ ನೋಡಿ, ಅದರಿಂದಲೂ ಪ್ರಯೋಜನ ಕಾಣಲಿಲ್ಲವೆಂದು 2017ರಲ್ಲಿ ಒಪ್ಪಿಕೊಂಡರು. ಬಡ ದೇಶದ ಆಸ್ಪತ್ರೆಗಳು ಹೊರಗಿನ ಪಠ್ಯಪುಸ್ತಕ ಕಾಯದೆ ತಮ್ಮ ರೋಗಿಗಳಿಗೆ ಏನು ಒಗ್ಗುತ್ತದೆ ಎಂದು ತಾವೇ ಕಂಡುಕೊಂಡ ಅಪರೂಪದ ಉದಾಹರಣೆ ಇದು.

ಒಂದು ಮಾತು ಮಾತ್ರ ಉಳಿದುಹೋಗುತ್ತದೆ. ಶ್ರೀಲಂಕಾದಲ್ಲಿ ಸಾವು ಇಳಿದಷ್ಟು ಯತ್ನಗಳು ಇಳಿಯಲಿಲ್ಲ. ವಿಷ ಸೇವಿಸಿ ಆಸ್ಪತ್ರೆ ಸೇರುವವರ ಸಂಖ್ಯೆ ಹೆಚ್ಚುತ್ತಲೇ ಹೋಯಿತು. ಹೆಚ್ಚು ಜನ ಬದುಕಿದರು, ಅಂದರೆ ಆಸ್ಪತ್ರೆಯಿಂದ ಮನೆಗೆ ಮರಳುವವರೂ ಹೆಚ್ಚಿದರು. ನಿಷೇಧ ಪ್ರಾಣ ಉಳಿಸುತ್ತದೆ, ಉಳಿದವರ ಸಂಕಟಕ್ಕೆ ಕಿವಿಗೊಡುವ ಕೆಲಸ ಆಸ್ಪತ್ರೆಗೇ ಉಳಿಯುತ್ತದೆ.

ಆ ಕೆಲಸ ಹೇಗಿರಬೇಕು ಎಂಬುದಕ್ಕೆ ಹತ್ತಿರದಲ್ಲೇ ಮಾದರಿ ಇದೆ, ಅದೂ ಭಾರತದ ಪಾಲು ಇರುವ ಮಾದರಿ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ, ಬ್ರೆಜಿಲ್‌ನ ಕಾಂಪಿನಾಸ್, ಇರಾನಿನ ಕರಜ್, ಚೀನಾದ ಯುನ್‌ಚೆಂಗ್ ಈ ಐದು ಊರುಗಳ ತುರ್ತು ವಿಭಾಗಗಳಲ್ಲಿ ಒಂದು ಪ್ರಯೋಗ ನಡೆಸಿತು. ಚೆನ್ನೈನ ಹೊಣೆ ಹೊತ್ತವರು 1986ರಲ್ಲಿ 'ಸ್ನೇಹಾ' ಸಂಸ್ಥೆ ಕಟ್ಟಿದ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್. 1,867 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ಡಿಸ್ಚಾರ್ಜ್‌ಗೆ ಮುಂಚೆ ಸುಮಾರು ಒಂದು ಗಂಟೆಯ ಆಪ್ತ ಮಾತು, ಮುಂದಿನ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಕರೆ ಅಥವಾ ಮನೆ ಭೇಟಿ. ಮೊದಲಿಗೆ ವಾರದ ಅಂತರ, ಆಮೇಲೆ ತಿಂಗಳುಗಳ ಅಂತರ. 2008ರಲ್ಲಿ ಫಲಿತಾಂಶ ಬಂತು. ಎಂದಿನ ಚಿಕಿತ್ಸೆ ಪಡೆದ ಗುಂಪಿನಲ್ಲಿ 18 ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರು. ಮಾತಾಡಿಸಿ ಹಿಂಬಾಲಿಸಿದ ಗುಂಪಿನಲ್ಲಿ ಇಬ್ಬರು.

ಇದನ್ನು ಮಂತ್ರದಂಡ ಮಾಡಿ ಮಾರಬೇಕಿಲ್ಲ. ಮರುಯತ್ನಗಳ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ ಎಂದು ಅದೇ ತಂಡ ಮುಂದೆ ತಿಳಿಸಿತು. ಆದರೂ ಸಾವಿನಲ್ಲಿ ಕಂಡ ಅಂತರ ಸಣ್ಣದಲ್ಲ, ಖರ್ಚಂತೂ ನಗಣ್ಯ. ಒಂದು ಗಂಟೆ ಕೂತು ಮಾತಾಡಲು ಎಂ.ಡಿ. ಪದವಿ ಬೇಡ, ತರಬೇತಿ ಪಡೆದ ನರ್ಸ್ ಸಾಕು, ಆಪ್ತಸಮಾಲೋಚಕಿ ಸಾಕು. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ 'ತಜ್ಞರಿಲ್ಲ, ಏನು ಮಾಡೋಣ' ಎಂಬ ನೆವಕ್ಕೆ ಈ ಪ್ರಯೋಗ ಎದುರುತ್ತರ.

ಕಾನೂನೂ ಇದನ್ನೇ ಹೇಳುತ್ತದೆ, ಬಹಳ ಮಂದಿಗೆ ಗೊತ್ತಿಲ್ಲದಷ್ಟು ಸ್ಪಷ್ಟವಾಗಿ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಕೂಡದು ಎಂದಿತು. ಅದೇ ಸೆಕ್ಷನ್ನಿನ ಎರಡನೇ ಭಾಗ, ಇಂಥವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸಿ ಮರುಯತ್ನದ ಅಪಾಯ ತಗ್ಗಿಸುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯಾ ಯತ್ನವನ್ನು ಅಪರಾಧವೆಂದಿದ್ದ ದಂಡ ಸಂಹಿತೆಯ ಹಳೆಯ 309ನೇ ಸೆಕ್ಷನ್ನೇ ಇಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸಲು ಅಥವಾ ಒತ್ತಾಯ ಹೇರಲು ಮಾಡುವ ಯತ್ನವನ್ನಷ್ಟೇ 226ನೇ ಸೆಕ್ಷನ್ ಅಪರಾಧ ಎಂದು ಉಳಿಸಿಕೊಂಡಿದೆ. ಮೆಡಿಕೊ-ಲೀಗಲ್ ಕೇಸ್ ಎಂಬ ಕಾರಣಕ್ಕೆ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರ ಪ್ರಕರಣದಲ್ಲಿ 1989ರಷ್ಟು ಹಿಂದೆಯೇ ಹೇಳಿಯಾಗಿದೆ. ಹಾಗಿದ್ದೂ 'ಪೊಲೀಸ್ ಕೇಸ್ ಆಗುತ್ತೆ, ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗಿ' ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸುವ ನರ್ಸಿಂಗ್ ಹೋಮುಗಳಿವೆ. ಕಾನೂನು ಬದಲಾದ ಸುದ್ದಿ ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣಿಸದ ಹೊರತು 'ಕತ್ತಲಲ್ಲಿ ಗೊತ್ತಾಗ್ಲಿಲ್ಲ' ಎನ್ನುವ ಸುಳ್ಳು ನಿಲ್ಲುವುದಿಲ್ಲ.

ಪಾಕಿಸ್ತಾನ 2022ರಲ್ಲಿ, ಘಾನಾ 2023ರಲ್ಲಿ ಇಂಥದೇ ವಸಾಹತು ಕಾಲದ ಕಾನೂನನ್ನು ಕೈಬಿಟ್ಟವು. ಬಾಂಗ್ಲಾದೇಶ ಇನ್ನೂ ಬಿಟ್ಟಿಲ್ಲ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಕೈ ಖಾಲಿ ಎಂದು ಹೇಳುವ ಹಕ್ಕಿಲ್ಲ. 1985ರ ಹೊತ್ತಿಗೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ 'ಮನೋಚೈತನ್ಯ' ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಕೇಂದ್ರಸ್ಥಾನವೂ ನಿಮ್ಹಾನ್ಸ್. ಹಳ್ಳಿ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ತುಣುಕುಗಳೆಲ್ಲ ಇವೆ, ಒಂದಕ್ಕೊಂದು ಹೊಲಿಗೆ ಬಿದ್ದಿಲ್ಲ. ಬುಧವಾರ ದಾಖಲಾಗಿ ಸೋಮವಾರ ಡಿಸ್ಚಾರ್ಜ್ ಆದ ರೈತನಿಗೆ ಮಂಗಳವಾರದ ಮನೋವೈದ್ಯರು ಸಿಗುವುದಿಲ್ಲ. ಟೆಲಿ-ಮಾನಸ್‌ಗೆ ಅವನೇ ಫೋನ್ ಮಾಡಬೇಕು. ಅಲ್ಲಿಂದ ಅವನಿಗೆ ತಾನಾಗಿ ಕರೆ ಬರಬೇಕೆಂದರೆ ಅವನ ನಂಬರನ್ನು, ಅವನ ಒಪ್ಪಿಗೆ ಪಡೆದು, ಆಸ್ಪತ್ರೆ ಅಲ್ಲಿಗೆ ಮುಟ್ಟಿಸಬೇಕು. ಊರಿನ ಆಶಾ ಕಾರ್ಯಕರ್ತೆಗೆ ಬಾಣಂತಿಯರ ಪಟ್ಟಿ ಇದೆ, ಕ್ಷಯರೋಗಿಗಳ ಪಟ್ಟಿ ಇದೆ, ಈ ಪಟ್ಟಿ ಇಲ್ಲ. ಇರಲೇಬೇಕೇ ಎಂಬುದು ಸೂಕ್ಷ್ಮದ ಪ್ರಶ್ನೆ. ಊರಿನವಳೇ ಮನೆಗೆ ಬಂದು ವಿಚಾರಿಸಿದರೆ ಬೀದಿಗೆಲ್ಲ ತಿಳಿಯುತ್ತದೆ ಎಂದು ಹಿಂಜರಿಯುವವರಿಗೆ ಫೋನ್ ಕರೆಯೇ ಮೇಲು. ಆಯ್ಕೆಯನ್ನು ರೋಗಿಯ ಕೈಗೆ ಕೊಡಬೇಕು.

ವೆಂಟಿಲೇಟರ್ ವಿಷಯವೂ ಹೀಗೇ. ಕೋವಿಡ್ ಕಾಲದಲ್ಲಿ ಯಂತ್ರಗಳು ತಾಲ್ಲೂಕಿನವರೆಗೂ ಬಂದವು. ಇಪ್ಪತ್ತನಾಲ್ಕು ಗಂಟೆ ಅವನ್ನು ನಡೆಸುವ ಅರಿವಳಿಕೆ ತಜ್ಞರು, ತರಬೇತಾದ ನರ್ಸ್‌ಗಳು ಬಾರದ ಕಡೆ ಅವು ಮೂಲೆ ಸೇರಿದವು. ಹಾಗಾಗಿ ಉಸಿರು ಸೋಲುವ ಹೊತ್ತಿನಲ್ಲಿ ರೋಗಿ ಆಂಬ್ಯುಲೆನ್ಸ್ ಒಳಗೆ, ತಾಲ್ಲೂಕಿಗೂ ಜಿಲ್ಲಾ ಕೇಂದ್ರಕ್ಕೂ ನಡುವಿನ ರಸ್ತೆಯಲ್ಲಿರುತ್ತಾನೆ.

ಇನ್ನು ವಿಷದ ಮೂಲದ ಕಡೆಗೆ ನೋಡಿದರೆ, 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತ್ತು. ಮೂರು ವರ್ಷ ಅಹವಾಲು, ಸಮಿತಿ, ಮರುಪರಿಶೀಲನೆ ಎಲ್ಲ ಮುಗಿಯುವ ಹೊತ್ತಿಗೆ ಆ ಪಟ್ಟಿಯಿಂದ ಪೂರ್ತಿ ನಿಷೇಧಕ್ಕೆ ಒಳಗಾದವು ಮೂರೇ ಮೂರು. ಕೃಷಿ ಇಲಾಖೆಯ ಕಡತ ಬೇರೆ, ಆರೋಗ್ಯ ಇಲಾಖೆಯ ಕಡತ ಬೇರೆ ಎಂಬ ಆಡಳಿತದ ಹಳೇ ಚಾಳಿ ಇಲ್ಲಿ ನೇರವಾಗಿ ಪ್ರಾಣದ ಲೆಕ್ಕಕ್ಕೆ ಬರುತ್ತದೆ. ಬಹುಶಿಸ್ತೀಯ ಚಿಕಿತ್ಸೆ ಎಂದಾಗ ವಾರ್ಡಿನೊಳಗಿನ ತಜ್ಞರನ್ನಷ್ಟೇ ನೆನೆಯುವುದು ಸಾಲದು. ಯಾವ ವಿಷದಿಂದ ಎಷ್ಟು ಮಂದಿ ಬಂದರು, ಎಷ್ಟು ಮಂದಿ ಉಳಿದರು ಎಂಬ ಆಸ್ಪತ್ರೆಯ ಅಂಕಿಅಂಶ ಕೀಟನಾಶಕ ನೋಂದಣಿ ಸಮಿತಿಯ ಮೇಜಿಗೆ ಹೋಗುವಂತಿರಬೇಕು. ಶ್ರೀಲಂಕಾದಲ್ಲಿ ಆದದ್ದು ಅದೇ.

2022ರ ನವೆಂಬರ್‌ನಲ್ಲಿ ಬಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ, ಮೂರು ವರ್ಷದಲ್ಲಿ ನಿಗಾ ವ್ಯವಸ್ಥೆ, ಐದು ವರ್ಷದಲ್ಲಿ ಎಲ್ಲ ಜಿಲ್ಲೆಗಳಲ್ಲಿ ಮನೋವೈದ್ಯಕೀಯ ಹೊರರೋಗಿ ಸೇವೆ, 2030ಕ್ಕೆ ಸಾವಿನಲ್ಲಿ ಶೇ 10ರಷ್ಟು ಇಳಿಕೆ ಎಂಬ ಗುರಿಗಳನ್ನು ಇಟ್ಟುಕೊಂಡಿದೆ. ದೊಡ್ಡ ಕಾಗದಪತ್ರಗಳ ಜೊತೆಗೆ ರಾಜ್ಯ ಸರ್ಕಾರ ಒಂದು ಸಣ್ಣ ಸುತ್ತೋಲೆ ಹೊರಡಿಸಬಹುದು. ಸ್ವಯಂ ಹಾನಿಯಿಂದ ದಾಖಲಾದ ಯಾರನ್ನೇ ಆಗಲಿ, ಸರ್ಕಾರಿ ಆಸ್ಪತ್ರೆಯಿರಲಿ ಖಾಸಗಿ ಆಸ್ಪತ್ರೆಯಿರಲಿ, ಮನಸ್ಸಿನ ಸ್ಥಿತಿ ವಿಚಾರಿಸದೆ ಕಳಿಸುವಂತಿಲ್ಲ. ತಜ್ಞರಿಲ್ಲದ ಕಡೆ ತರಬೇತಿ ಪಡೆದ ನರ್ಸ್ ವಿಚಾರಿಸಿ ಟೆಲಿ-ಮಾನಸ್ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿಸಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ, ಮುಂದಿನ ಕರೆ ಯಾವ ದಿನ, ಯಾರು ಮಾಡುತ್ತಾರೆ ಎಂದು ಬರೆದಿರಬೇಕು. ಮನೆಯವರಿಗೆ ಹೇಳಬೇಕಾದ್ದೂ ಅದರಲ್ಲಿರಲಿ: ಕೆಲವು ದಿನ ಒಬ್ಬರನ್ನೇ ಬಿಡಬೇಡಿ, ಹೊಲದ ಔಷಧಿ ಮನೆಯಲ್ಲಿ ಇಡಬೇಡಿ, 'ಹೀಗ್ಯಾಕೆ ಮಾಡಿದೆ' ಎಂದು ಜಗ್ಗಾಡಬೇಡಿ, ಮಾತಾಡಿದರೆ ಕೇಳಿಸಿಕೊಳ್ಳಿ.

ಟೆಲಿ-ಮಾನಸ್ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಕಷ್ಟದಲ್ಲಿರುವವರೂ ಮಾಡಬಹುದು, ಅವರ ಬಗ್ಗೆ ದಿಗಿಲುಪಟ್ಟ ಮನೆಯವರೂ ಗೆಳೆಯರೂ ಮಾಡಬಹುದು.